‘ಒರೆಸು’ ಒರೆಸಿದ ಹಾಡುಗಳು

ಹಾಸನ,
೬ ಆಗಸ್ಟ್ ೨೦೨೪

ಪ್ರೀತಿಯ ಅಜ್ಜಿಗೆ ನಿಸರ್ಗಳ ನಮಸ್ಕಾರ.

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಬಾಣಂತಿ ಮಗಳಿಗೆ ನೀರು ಹಾಕುವ ನೆಪದಲ್ಲಿ ನೀನೇ ಹಂಡೆಗಟ್ಟಲೆ ನೀರು ಎತ್ತುತ್ತೀಯಂತೆ, ಅನು ಅತ್ತೆಯೇ ಅರಕಲಗೂಡಿನಿಂದ ಚಾಡಿ ಹೇಳಿದ್ದಾಳೆ. ಪಾಪು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ? ಇಲ್ಲಿ ತಾತ ಆರೋಗ್ಯವಾಗಿದ್ದಾರೆ. ನೀನು ಹೋದಮೇಲೆ ಮುದ್ದೆಯಲ್ಲಿ ಬರೀ ಗಂಟು ಸಿಗುತ್ತದೆ ಎಂದು ಅಮ್ಮನ ಹತ್ತಿರ ದಿನಾ ಗೊಣಗುವುದೊಂದು ಬಿಟ್ಟರೆ ಬೇರೇನಿಲ್ಲ. ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದವಳ ಹಾಗೆ ‘ಊ’ ಅನ್ನುತ್ತೀಯ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿಕೋ.

ನಾನೊಂದು ತಪ್ಪು ಮಾಡಿದೆ ಅಜ್ಜಿ. ಕೀರ್ತಿರಾಜನೂ ನಾನೂ ಆಫೀಸಿನವರು ಬೇಡವೆಂದ ಕಂಪ್ಯೂಟರ್‌ಗಳನ್ನು ಸರಿಮಾಡಿ ಹಳ್ಳಿ ಶಾಲೆಗಳಿಗೆ ಕೊಡುವುದು ನಿನಗೆ ಗೊತ್ತೇ ಇದೆ. ಅವುಗಳ ಡಿಸ್ಕಿನಲ್ಲಿ, ಒಳಗೆ ಏನಿದೆ, ಹೇಗೆ ಜೋಡಿಸಿದೆ ಎಂದು ತಿಳಿಸುವ ಗುರುತುಗಳಿರುತ್ತವೆ. ಆಲೂಗಡ್ಡೆ ಮೂಟೆಯ ಮೇಲೆ ತಾತ ಹೆಸರು ಬರೆಸುತ್ತಾರಲ್ಲ, ಹಾಗೆ. ಹಳೆಯ ಗುರುತು ಅಳಿಯದೆ ಉಳಿದರೆ, ಹೊಸದಾಗಿ ಏನಾದರೂ ತುಂಬಿಸುವಾಗ ಕಂಪ್ಯೂಟರಿಗೆ ಗಲಿಬಿಲಿಯಾಗುತ್ತದೆ. ಕಟ್ಟಾಯದ ಶಾಲೆಗೆ ಕೊಟ್ಟ ನಾಲ್ಕು ಕಂಪ್ಯೂಟರ್ ಹೀಗೇ ಕೈಕೊಟ್ಟು ವಾಪಸ್ ಬಂದವು. ಆಗ ಆ ಗುರುತುಗಳನ್ನು ಮಾತ್ರ ಅಳಿಸುವ ಟೂಲ್ ಒಂದನ್ನು ನಾನೇ ಬರೆದೆ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ‘ಒರೆಸು’ ಎಂದು ಬರೆದು, ಮುಂದೆ ಡಿಸ್ಕಿನ ಹೆಸರು ಕೊಟ್ಟರೆ ಸಾಕು. ಹೆಜ್ಜೆಹೆಜ್ಜೆಗೂ ಕೇಳಿ ಖಚಿತಪಡಿಸಿಕೊಳ್ಳಲಿ ಎಂದು ನನಗಿತ್ತು. “ಜಾಸ್ತಿ ಪ್ರಶ್ನೆ ಕೇಳುಸ್ಬ್ಯಾಡ ಕಣೆ, ದಿನಾ ಮೂವತ್ತು ಡಿಸ್ಕು ನೋಡೋರ್ಗೆ ಬ್ಯಾಸರ ಆಯ್ತದೆ” ಎಂದ ಕೀರ್ತಿರಾಜ. ಸರಿ, ‘ಖಚಿತವೇ?’ ಎಂಬ ಒಂದೇ ಪ್ರಶ್ನೆ ಇಟ್ಟೆ.

ಹಳೇಕೋಟೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಕೆಂಚಯ್ಯನವರು ಒಂದು ಡಿಸ್ಕು ತಂದುಕೊಟ್ಟಿದ್ದರು. ಸುತ್ತಲಿನ ಹೆಂಗಸರು ನಾಟಿಯಲ್ಲಿ, ಮದುವೆ ಮನೆಯಲ್ಲಿ, ರಾಗಿ ಬೀಸುವಾಗ ಹಾಡಿದ್ದನ್ನು ಇಪ್ಪತ್ತು ವರ್ಷ ರೆಕಾರ್ಡ್ ಮಾಡಿ ಕೂಡಿಟ್ಟಿದ್ದು ಅದರಲ್ಲಿತ್ತು. ಇನ್ನೊಂದು ಪ್ರತಿ ಮಾಡಿಕೊಡಿ ಎಂದಿದ್ದರು. ಅದನ್ನೂ ಶಾಲೆಯ ಡಿಸ್ಕನ್ನೂ ಒಟ್ಟಿಗೆ ಸಿಕ್ಕಿಸಿದ್ದೆ. ಕಂಪ್ಯೂಟರು ಮೇಷ್ಟ್ರ ಡಿಸ್ಕಿಗೆ ‘ಬಿ’, ಶಾಲೆಯದಕ್ಕೆ ‘ಸಿ’ ಎಂದು ಹೆಸರಿಟ್ಟಿತ್ತು. ‘ಸಿ’ ಒರೆಸಬೇಕಿತ್ತು, ‘ಬಿ’ ಎಂದು ಬರೆದೆ. ‘ಖಚಿತವೇ?’ ಎಂದು ಕೇಳಿದ್ದಕ್ಕೆ ದಿನದ ಅಭ್ಯಾಸದಲ್ಲಿ ‘ಹೌದು’ ಎಂದೆ. ಮೇಷ್ಟ್ರ ಡಿಸ್ಕು ಖಾಲಿ ಎಂದು ತೋರಿಸತೊಡಗಿತು.

“ಮೇಷ್ಟ್ರಿಗೆ ಈಗ್ಲೇ ಏಳ್ಬ್ಯಾಡ, ಮೊದ್ಲು ಸರಿಮಾಡಾನ” ಎಂದ ಕೀರ್ತಿರಾಜ. ನನ್ನಿಂದ ಆಗಲಿಲ್ಲ. ಫೋನ್ ಮಾಡಿದೆ. ಮೇಷ್ಟ್ರು ಮೊದಲ ಬಸ್ಸಿಗೇ ಬಂದರು. ಎಲ್ಲವನ್ನೂ ಹೇಳಿದೆ. “ಆಡ್ದೋರಲ್ಲಿ ಅರ್ಧ ಜನ ಈಗಿಲ್ಲ ಕಣವ್ವ” ಎಂದರು. ಆಮೇಲೆ ನನ್ನ ಮುಖ ನೋಡಿ, “ನೀನು ಉಂಡ್ಯಾ?” ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅಳು ಬಂದುಬಿಟ್ಟಿತು.

ಅಳಿದದ್ದು ಮೇಲಿನ ಗುರುತು, ಒಳಗಿನ ಹಾಡಲ್ಲ ಎಂಬುದೊಂದೇ ನಮಗಿದ್ದ ಆಸೆ. ಡಿಸ್ಕು ತನ್ನ ಗುರುತಿನ ನಕಲನ್ನು ಒಳಗೆ ಬೇರೆ ಜಾಗಗಳಲ್ಲೂ ಇಟ್ಟುಕೊಂಡಿರುತ್ತದೆ. ಅದನ್ನು ಹುಡುಕುತ್ತ ಎರಡು ದಿನ ಕಳೆಯಿತು. ಸಿಕ್ಕ ಮೊದಲ ನಕಲು ಕೆಟ್ಟಿತ್ತು, ಎರಡನೆಯದೂ ಕೆಟ್ಟಿತ್ತು. ಮೂರನೆಯ ದಿನ ಮಧ್ಯಾಹ್ನ ಕೆಡದೆ ಉಳಿದದ್ದು ಒಂದು ಸಿಕ್ಕಿತು. ಅದನ್ನು ಮೊದಲಿನ ಜಾಗಕ್ಕೆ ಬರೆದು ಒಂದು ರೆಕಾರ್ಡಿಂಗ್ ಹಾಕಿದೆವು. ಬೀಸುವ ಕಲ್ಲಿನ ಸದ್ದು ಕೇಳಿತು, ಹಿಂದೆಯೇ ಹಾಡು. ಮೇಷ್ಟ್ರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ಒಂದೂ ಹೋಗಿರಲಿಲ್ಲ ಅಜ್ಜಿ.

ಈಗ ಟೂಲನ್ನು ಹೊಸದಾಗಿ ಬರೆದಿದ್ದೇನೆ. ‘ಒರೆಸು’ ಎಂದರೆ ಅದು ಒರೆಸುವುದಿಲ್ಲ. ಯಾವ ಡಿಸ್ಕು, ಎಷ್ಟು ದೊಡ್ಡದು, ಯಾವ ಗುರುತುಗಳಿವೆ ಎಂದು ತೋರಿಸಿ ಸುಮ್ಮನಾಗುತ್ತದೆ. ಒರೆಸಲೇಬೇಕೆಂದರೆ ಡಿಸ್ಕಿನ ಬೆನ್ನ ಮೇಲೆ ಅಚ್ಚಾದ ನಂಬರನ್ನು ಕಣ್ಣಿಂದ ನೋಡಿ ಬರೆಯಬೇಕು. ಅಳಿಸುವ ಮುನ್ನ ಆ ಗುರುತನ್ನು ಬೇರೆ ಕಡೆ ಎತ್ತಿಡುತ್ತದೆ. ಕೀರ್ತಿರಾಜ ಮೂಗು ಮುರಿದಿದ್ದ. ನಿನ್ನೆ ಅವನೇ ತಪ್ಪು ಡಿಸ್ಕು ಕೊಟ್ಟು ಸಿಕ್ಕಿಬಿದ್ದ. “ನಿನ್ ಟೂಲು ನನ್ ಮರ್ಯಾದೆ ಉಳುಸ್ತು ಕಣೆ” ಎಂದು ಕಾಫಿ ಕೊಡಿಸಿದ.

ತಾತ ನಿನ್ನನ್ನು ಕೇಳಿದ್ದಾರೆ. ಹಾಗೆಂದು ಬರೆಯಬೇಡ ಎಂದೂ ಹೇಳಿದ್ದಾರೆ. ಅನು ಅತ್ತೆಯನ್ನು ಕೇಳಿದೆನೆಂದು ಹೇಳು, ಪಾಪುವಿನ ಎರಡು ಕೆನ್ನೆಗೂ ಒಂದೊಂದು ಮುತ್ತು.

ನಿನ್ನ ಮೊಮ್ಮಗಳು,
ನಿಸರ್ಗ

ಮತ್ತೆ: ಇದನ್ನು ಬರೆಯಲು ಧೈರ್ಯ ಬರಲಿಲ್ಲ, ಅದಕ್ಕೇ ಕೊನೆಗಿಟ್ಟೆ. ಆ ಹಾಡುಗಳಲ್ಲಿ ಒಂದು ನಿನ್ನದು, ನಿನ್ನ ಅಕ್ಕನ ಜೊತೆ. ನಡುವೆ ಸಾಲು ಮರೆತು ಇಬ್ಬರೂ ನಗುತ್ತೀರಿ. ಅವರ ಮನೆಯ ಮದುವೆಗೆ ನಿನ್ನನ್ನು ಸರಿಯಾಗಿ ಕರೆಯಲಿಲ್ಲವೆಂದು ನೀವು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಮೊನ್ನೆ ಭಾನುವಾರ ನಿನಗೆ ಹೇಳದೆ ಹಳೇಕೋಟೆಗೆ ಹೋಗಿ ದೊಡ್ಡಜ್ಜಿಗೆ ಕೇಳಿಸಿದೆ. ಅವರಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. “ನಮ್ ತಂಗಿ ತಾಯವ್ವನ್ನ ಕರ್ಕೊಂಡ್ ಬಾರವ್ವ. ನಾನೇ ಕರೀತಾವ್ನಿ ಅನ್ನು” ಎಂದರು. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅರಕಲಗೂಡಿಗೆ ಕಾರು ತರುತ್ತೇನೆ. ಒಳ್ಳೆಯ ಸೀರೆ ಉಟ್ಟುಕೊಂಡಿರು ಅಜ್ಜಿ.