ಎಡಗೈ ಪಾಠ

ಪಿಯಾನೊ ಮೇಷ್ಟ್ರಿಗೆ ನಮಸ್ಕಾರಗಳು.

ಔಷಧಿ ಅಂಗಡಿಯವರ ಮಗಳನ್ನು ನಿಮ್ಮ ಪಾಠಕ್ಕೆ ಸೇರಿಸಿಕೊಳ್ಳಿ ಎಂದು ಕೇಳಲು ಬರೆಯುತ್ತಿದ್ದೇನೆ. ಇಷ್ಟು ದಿನ ಅವರ ಮನೆಗೆ ಹೋಗಿ ಅಲ್ಲಿರುವ ಪಿಯಾನೊ ಮೇಲೆ ಅವಳಿಗೆ ಕಲಿಸುತ್ತಿದ್ದವಳು ನಾನೇ. ನನಗೆ ಬರುವುದು ಹಾರ್ಮೋನಿಯಂ ಮಾತ್ರ. ಕಲಿಯಲು ಬರುವ ಮಕ್ಕಳು ಕಡಿಮೆಯಾದಾಗ ಬಾಗಿಲ ಬೋರ್ಡಿನ ಮೇಲೆ ‘ಪಿಯಾನೊ ಮತ್ತು ಇತರ ವಾದ್ಯಗಳು’ ಎಂದು ಬರೆಸಿಬಿಟ್ಟೆ. ಕರಿ ಬಿಳಿ ಕೀಗಳು ಎರಡರಲ್ಲೂ ಒಂದೇ ತಾನೆ, ಹೇಗೋ ನಿಭಾಯಿಸಬಹುದು ಅಂದುಕೊಂಡೆ.

ಹಾರ್ಮೋನಿಯಂನಲ್ಲಿ ಎಡಗೈ ಗಾಳಿ ಹಾಕುತ್ತದೆ. ಪಿಯಾನೊ ಮುಂದೆ ಅದಕ್ಕೇನು ಕೆಲಸವೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ನನ್ನನ್ನು ನೋಡಿ ಅವಳೂ ಹಾಗೇ ಕಲಿತಳು.

ಮೊನ್ನೆ ಶಾಲೆಯಲ್ಲಿ ನಿಮ್ಮ ವಾದನ ಕೇಳಿ ಬಂದವಳು, “ಟೀಚರ್, ಅವರು ಎರಡೂ ಕೈಯಲ್ಲಿ ನುಡಿಸಿದ್ರು. ನಮ್ಮ ಎಡಗೈ ಪಾಠ ಯಾವಾಗ?” ಎಂದು ಕೇಳಿದಳು. ಅವಳ ಅಮ್ಮ ಪಕ್ಕದಲ್ಲೇ ಇದ್ದರು. “ಮುಂದಿನ ವಾರ” ಅಂದೆ.

ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಆ ತಾಯಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಒಳ್ಳೆ ಮೇಷ್ಟ್ರು ಯಾರು ಅಂತ ನೀವೇ ಹೇಳಿ” ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮಗುವಿನ ಕಿವಿ ಬಹಳ ಚುರುಕು. ಬೆರಳು ತಪ್ಪಿದರೆ ದಯವಿಟ್ಟು ಗದರಬೇಡಿ. ಆ ತಪ್ಪುಗಳೆಲ್ಲ ನಾನು ಹೇಳಿಕೊಟ್ಟವು.

ಇತಿ,
ಹಾರ್ಮೋನಿಯಂ ಟೀಚರ್