ಗೋಡೆಯೊಳಗೆ ಅವಳ ಕೈ

ಮಾರ್ಚ್ 4, ಬೆಳಿಗ್ಗೆ

ಎಡಗೈ ಬರವಣಿಗೆ — ಕಾಗೆಕಾಲು ಗುಬ್ಬಿಕಾಲು. ಬಲಗೈಗೆ ಪ್ಲಾಸ್ಟರ್. ಏಣಿಯಿಂದ ಬಿದ್ದದ್ದಕ್ಕೆ ಸಿಕ್ಕ ಬಹುಮಾನ. ಪ್ಲಂಬರ್ ಕೆಲಸ ಸದ್ಯಕ್ಕೆ ಬಂದ್. ಹೆಂಡತಿಯ ಹೊಲಿಗೆ ಮಿಷನ್ ಮಾತ್ರ ಕಟಕಟ ಓಡುತ್ತಿದೆ.

ಮಾರ್ಚ್ 6, ಮಧ್ಯಾಹ್ನ

ಪಕ್ಕದ ಬೀದಿಯ ಮೇಷ್ಟ್ರು ಫೋನ್ ಮಾಡಿದ್ದರು. ಗೋಡೆಯೊಳಗಿನ ಪೈಪು ಸೋರುತ್ತಿದೆ. ಅವರ ತಾಯಿಯ ಆಕ್ಸಿಜನ್ ಮಿಷನ್ನಿನ ಪ್ಲಗ್ಗೂ ಅದೇ ಗೋಡೆಯಲ್ಲಿ. ತೇವ ಅದರತ್ತ ಹರಿಯುತ್ತಿದೆಯಂತೆ. ಇನ್ನೊಬ್ಬ ಪ್ಲಂಬರ್ ಬಂದು, ಅರ್ಧ ಗೋಡೆ ಒಡೆಯಬೇಕು ಎಂದನಂತೆ. ಅಷ್ಟು ದೂಳಿನಲ್ಲಿ ಅಜ್ಜಿ ಉಸಿರಾಡುವುದು ಹೇಗೆ?

ನನ್ನ ಪ್ಲಾಸ್ಟರ್ ನೋಡಿಕೊಂಡು ಕೂತಿದ್ದೆ. ಹೆಂಡತಿ ಹಲ್ಲಲ್ಲಿ ದಾರ ಕಚ್ಚಿಕೊಂಡೇ, “ನೀವು ಹೇಳ್ಕೊಡಿ. ಪೈಪ್ ನಾನು ಕತ್ತರಿಸ್ತೀನಿ” ಎಂದಳು.

ನಕ್ಕೆ. ಅವಳು ನಗಲಿಲ್ಲ.

ಸಂಜೆವರೆಗೂ ಹಳೆ ಪೈಪಿನ ಮೇಲೆ ಅವಳ ಅಭ್ಯಾಸ — ಕಪಾಟಿನ ಸಂದಿಯೊಳಗೆ ಕೈ ತೂರಿಸಿಕೊಂಡು.

ಮಾರ್ಚ್ 7, ಸಂಜೆ

ಇದನ್ನು ಬರೆಯದೆ ಇರಲಾಗದು.

ಮೇಷ್ಟ್ರ ಮನೆಯಲ್ಲಿ ನೀರು ನಿಲ್ಲಿಸಿದೆವು. ಆ ಗೋಡೆಯ ಕರೆಂಟೂ ಬಂದ್. ಅಜ್ಜಿಯ ಮಿಷನ್ನಿಗೆ ಮೇಷ್ಟ್ರು ಹಜಾರದಿಂದ ವೈರ್ ಎಳೆದರು. ಇವಳು ಒದ್ದೆ ಬಟ್ಟೆ ಒತ್ತಿ, ಮೆಲ್ಲಗೆ ಉಳಿ ಹೊಡೆದಳು. ದೂಳೇ ಏಳಲಿಲ್ಲ. ಊಟದ ತಟ್ಟೆಯಷ್ಟು ಕಿಂಡಿ. ಒಳಗೆ ತಾಮ್ರದ ಪೈಪು, ಸೂಜಿಮೊನೆಯಷ್ಟು ತೂತು. ಪೈಪಿನ ಹಿಂದೆ ಬೆರಳು ತೂರುವಷ್ಟೇ ಜಾಗ. ಗರಗಸ ಆಡುವುದಿಲ್ಲ. ಮುಷ್ಟಿಯಲ್ಲಿ ಅಡಗುವ ಪುಟ್ಟ ಕಟರ್ ಇದೆ — ಪೈಪಿಗೆ ಕಚ್ಚಿಸಬೇಕು, ಸುತ್ತಬೇಕು, ಸ್ಕ್ರೂ ಚೂರು ಬಿಗಿ ಮಾಡಿ ಮತ್ತೆ ಸುತ್ತಬೇಕು.

ಕೈ ಒಳಗೆ ಹೋದ ಮೇಲೆ ಏನೂ ಕಾಣದು. ಅವಳು ಕಣ್ಣನ್ನೇ ಮುಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ.

“ಸ್ಕ್ರೂ ಜಾಸ್ತಿ ಬಿಗಿ ಮಾಡೇ, ಬೇಗ ಆಗುತ್ತೆ.”

“ಪೈಪ್ ಚಪ್ಪಟೆ ಆದ್ರೆ ಜಾಯಿಂಟ್ ಕೂರಲ್ಲ ಅಂತ ನಿನ್ನೆ ನೀವೇ ಹೇಳಿದ್ರಿ. ಸುಮ್ನೆ ಟಾರ್ಚ್ ಹಿಡೀರಿ.”

ಮಂಚದಿಂದ ಅಜ್ಜಿ, ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತಾ, “ಟಾರ್ಚ್... ಹಿಡಿಯಪ್ಪಾ.”

ಹಿಡಿದೆ.

ಟಕ್ — ಒಂದು ಕಡೆ ತುಂಡಾಯಿತು. ಇನ್ನೊಂದು ಕಡೆ ಇಟ್ಟಿಗೆ ಅಡ್ಡ, ಕಟರ್ ಪೂರ್ತಿ ಸುತ್ತದು. ನಾನಾಗಿದ್ದರೆ ರೇಗಿ ಇನ್ನೊಂದು ಮೊಳ ಒಡೆಯುತ್ತಿದ್ದೆ. ಅವಳು ಕಟರನ್ನು ಚೂರು ಹಿಂದೆ, ಚೂರು ಮುಂದೆ ಆಡಿಸಿದಳು. ತೆಗೆದು, ಇನ್ನೊಂದು ಮಗ್ಗುಲಿಂದ ಕಚ್ಚಿಸಿದಳು. ಬೆರಳಿನ ಗೆಣ್ಣು ತರಚಿ ರಕ್ತ. ಸೆರಗಿಗೆ ಒರೆಸಿಕೊಂಡು ಮತ್ತೆ ಒಳಗೆ.

ಟಕ್.

ಹೊಸ ತುಂಡು ಸೇರಿಸಿ, ಜಾಯಿಂಟನ್ನು ಸ್ಪ್ಯಾನರಿನಲ್ಲಿ ಬಿಗಿದಳು. ಮೇಷ್ಟ್ರು ನೀರು ಬಿಟ್ಟರು. ಎಲ್ಲರೂ ಕಿಂಡಿಯನ್ನೇ ನೋಡುತ್ತಾ... ಒಂದು ಹನಿಯೂ ಇಲ್ಲ.

“ಯಾರಮ್ಮ... ಕಲಿಸಿದ್ದು?” ಎಂದರು ಅಜ್ಜಿ. ಅವಳು ನನ್ನತ್ತ ಬೆರಳು ಮಾಡಿದಳು.

ನಾನು ಕಲಿಸಿದ್ದು ಕಟರ್ ಹಿಡಿಯುವುದನ್ನು. ಆ ತಾಳ್ಮೆ ನನ್ನ ಹತ್ತಿರ ಎಲ್ಲಿತ್ತು, ಕಲಿಸಲಿಕ್ಕೆ?

ಏಪ್ರಿಲ್ 21

ಪ್ಲಾಸ್ಟರ್ ತೆಗೆದರು. ಬಲಗೈ ಬರವಣಿಗೆ!

ಆಗಲೇ ಫೋನ್. “ಪೈಪ್ ಗೋಡೆಯೊಳಗಿದೆ, ತುಂಬಾ ಇಕ್ಕಟ್ಟು...” ಎಂದರು ಯಾರೋ. “ಬರ್ತೀನಿ” ಎಂದೆ. “ನೀವಲ್ಲ... ಅಕ್ಕ ಇದ್ದಾರಾ?”

ಹೊಟ್ಟೆ ಉರಿಯಬೇಕಿತ್ತು. ಎದೆ ಉಬ್ಬಿತು. ಫೋನ್ ಕೊಟ್ಟೆ.

ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದಾಳೆ. “ರೀ, ಟೂಲ್ ಬ್ಯಾಗ್ ತಗೊಳ್ಳಿ, ಹೊತ್ತಾಯ್ತು.” ಇನ್ನೂ ಬರೆಯುತ್ತಾ ಕೂತರೆ ಅವಳು ನನ್ನನ್ನು ಬಿಟ್ಟೇ ಹೊರ—