ಭೂಮಿಗಿಟ್ಟ ಎಣ್ಣೆ

ಫೆಬ್ರವರಿ 4, ರಾತ್ರಿ
ಮತ್ತೆ ಮಾತ್ರೆ. ಅತ್ತೆಯೇ ಮೆಡಿಕಲ್‌ನಿಂದ ತಂದು ಊಟದ ತಟ್ಟೆಯ ಪಕ್ಕ ಇಟ್ಟಿದ್ದರು. ಕೆಡ್ಡಸದ ಹಬ್ಬ ಮುಗಿಯುವವರೆಗೆ ನನ್ನ ಮುಟ್ಟು ಮುಂದೆ ಹೋಗಬೇಕಂತೆ. ಮಾವ ತೀರಿಕೊಂಡ ಮೇಲೆ ಅತ್ತೆ ಭೂಮಿಗೆ ಎಣ್ಣೆ ಬಿಡುವ ಹಾಗಿಲ್ಲ. ಮುತ್ತೈದೆಯೇ ಆಗಬೇಕು. ಈ ಮನೆಯಲ್ಲಿರುವ ಮುತ್ತೈದೆ ನಾನೊಬ್ಬಳೇ.

ಹಿಂದೆ ದೈವದ ನೇಮಕ್ಕೆ ನುಂಗಿದೆ. ನಾದಿನಿಯ ಮದುವೆಗೆ ನುಂಗಿದೆ. ಆಮೇಲೆ ರಕ್ತ ಸುರಿದದ್ದು ವಾರಗಟ್ಟಲೆ ನಿಲ್ಲಲೇ ಇಲ್ಲ. ಡಾಕ್ಟರ್ ಬೈದು ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು.

"ಕೆಡ್ಡಸ ಒಂದು ಮುಗಿಯಲಿ, ಮಾಡಿಸುವ," ಅಂದರು ನನ್ನವರು, ಶೈಲೇಶ್. ಚೀಟಿ ಫ್ರಿಜ್ಜಿನ ಮೇಲೆ ಬಿದ್ದಿದೆ.

ನುಂಗಿದೆ.

ಫೆಬ್ರವರಿ 10
ಕೆಡ್ಡಸ ಶುರು. ಭೂಮಿ ಮುಟ್ಟಾಗುವ ಮೂರು ದಿನ. ನಾಲ್ಕನೆಯ ದಿನ ಎಣ್ಣೆ ಬಿಟ್ಟು ಅವಳನ್ನು ಮೀಯಿಸಬೇಕು. ಶೈಲೇಶ್ ತಮ್ಮ ಜೆಸಿಬಿಯನ್ನು ಪಂಪ್‌ವೆಲ್ ಸರ್ಕಲ್ ಹತ್ತಿರದ ಶೆಡ್ಡಿನಲ್ಲಿ ನಿಲ್ಲಿಸಿ ಬಂದಿದ್ದಾರೆ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು:

"ಎಂತ ಅರ್ಜೆಂಟ್ ಇದ್ರೂ ಆಗ್ಲಿಕ್ಕಿಲ್ಲ ಮಾರಾಯ್ರೆ. ಈಗ ಅಗೆದ್ರೆ ಅವಳಿಗೆ ನೋವಾಗ್ತದೆ. ಪಾಪ ಅಲ್ವಾ?"

ಪಾಪ. ನಾನು ಅಲ್ಲೇ ನಿಂತು ಅವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಇನ್ನೊಂದು ಕೈಯಲ್ಲಿ ಕಿಬ್ಬೊಟ್ಟೆ ಒತ್ತಿ ಹಿಡಿದಿದ್ದೆ. ಆ ದನಿಯಲ್ಲಿ ನನ್ನೊಡನೆ ಮಾತಾಡಿದ್ದು ಯಾವಾಗ? ನೆನಪಿಲ್ಲ.

ಫೆಬ್ರವರಿ 11
ಮಾತ್ರೆ ಕೈಕೊಟ್ಟಿತು. ಬೆಳಿಗ್ಗೆಯೇ... ಅತ್ತೆಗೆ ಹೇಳಿದೆ.

"ಇನ್ನೆರಡು ದಿನ ತಡಿಲಿಕ್ಕೆ ಆಗ್ಲಿಲ್ವಾ ನಿನಗೆ?"

ನಾನೇ ಬೇಕೆಂದು ಮಾಡಿದ ಹಾಗೆ! ಕೂಡಲೇ ಕೊಡಿಯಾಲ್‌ಬೈಲಿನ ಮೈದುನನ ಮನೆಗೆ ಫೋನ್. ಅವನ ಹೆಂಡತಿ ಅನುಷ್ಕಾ ಬಂದು ಎಣ್ಣೆ ಬಿಡುತ್ತಾಳಂತೆ. ನನಗೆ ಹಿಂದಿನ ಕೋಣೆ, ಚಾಪೆ. ಕುಚ್ಚಲಕ್ಕಿ ಹುರಿಯುವ ಪರಿಮಳ ಇಲ್ಲಿವರೆಗೆ ಬರುತ್ತಿದೆ. ಕೆಡ್ಡಸಕ್ಕೆ ಬೆಲ್ಲ, ಕಾಯಿತುರಿ ಸೇರಿಸಿ ಮಾಡುವ ನನ್ಯರಿಯ ಹಿಟ್ಟು ನಾನು ಮುಟ್ಟಬಾರದು. ಬಟ್ಟೆ ಒಗೆಯಬಹುದು. ಅಂಗಡಿಗೆ ಹೋಗಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸಬಹುದು. ಅದಕ್ಕೆಲ್ಲ ಮೈಲಿಗೆ ಇಲ್ಲ.

ಫೆಬ್ರವರಿ 12
ಅಂಗಡಿಯಲ್ಲಿ ತಲೆ ತಿರುಗಿ ಬಿದ್ದೆ. ಜಾನೆಟ್ ಹಿಡಿದುಕೊಂಡಳು, ಪಕ್ಕದ ಕೌಂಟರಿನವಳು. "ನಾಳೆ ನಾನೇ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ. ಯಾರ ಹತ್ರವೂ ಕೇಳ್ಬೇಡ ನೀನು."
ಮನೆಯಲ್ಲಿ ಹೇಳಿದೆ. ಶೈಲೇಶ್ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನಾಳೆ ಬೇಡ. ಕೆಡ್ಡಸದ ದಿನ ಆಸ್ಪತ್ರೆ ಎಂತದ್ದು?"

ಫೆಬ್ರವರಿ 13, ಬೆಳಿಗ್ಗೆ
ಅಂಗಳಕ್ಕೆಲ್ಲ ಇಂಟರ್‌ಲಾಕ್. ತುಳಸಿಕಟ್ಟೆಯ ಸುತ್ತ ಮಾತ್ರ ಒಂದಿಷ್ಟು ಮಣ್ಣು ಉಳಿದಿದೆ. ಅಲ್ಲಿ ಅತ್ತೆ ಎಲ್ಲ ಜೋಡಿಸಿಟ್ಟಿದ್ದರು. ಎಣ್ಣೆ, ಸೀಗೆಪುಡಿ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ. ಅನುಷ್ಕಾ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾಳಂತೆ. ಅತ್ತೆ ಫೋನಿನಲ್ಲಿ ಅವಳಿಗೆ ಹೇಳುತ್ತಿದ್ದರು: "ಬೇಗ ಬಾ ಮಗಾ. ಮೂರು ದಿನದಿಂದ ಸುಸ್ತಾಗಿದ್ದಾಳೆ ಭೂಮಿಯಮ್ಮ. ಮೀಯಿಸ್ಬೇಕು ಅವಳನ್ನು."

ಯಾವಾಗ ಅಂಗಳಕ್ಕೆ ಇಳಿದೆನೋ ಗೊತ್ತಿಲ್ಲ. ಎಣ್ಣೆಯ ಬಟ್ಟಲು ಎತ್ತಿ ನನ್ನ ನೆತ್ತಿಗೇ ಸುರಿದುಕೊಂಡೆ. ತಣ್ಣಗಾಯಿತು. ಅಳು ಬಂತು.

"ಅಯ್ಯೋ, ಭೂಮಿಗೆ ಇಟ್ಟದ್ದು ಅದು!"

"ಅವಳಿಗೆ ಮೂರು ದಿನಕ್ಕೆ ಮುಗಿಯಿತಲ್ಲ ಅತ್ತೆ. ನನಗೆ ಮುಗಿದಿಲ್ಲ."

ಅತ್ತೆ ಖಾಲಿ ಬಟ್ಟಲು ಕೈಯಲ್ಲಿ ಹಿಡಿದು ಅಲ್ಲೇ ಕುಳಿತುಬಿಟ್ಟರು.

ಮಿಂದು ಬಂದೆ. ಫ್ರಿಜ್ಜಿನ ಮೇಲಿಂದ ಚೀಟಿ ತೆಗೆದುಕೊಂಡೆ. ಈ ಪುಟಕ್ಕೂ ಎಣ್ಣೆ ತಾಗಿದೆ. ಗೇಟಿನಲ್ಲಿ ಜಾನೆಟಳ ಆಟೋ. ಶೈಲೇಶ್ ಮೈಲಿಗೆಯನ್ನೂ ಮರೆತು ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದಾರೆ, ಮಧ್ಯಾಹ್ನ ಅಡುಗೆಗೆ ಯಾರು ಅಂತ. ಹೋಗಿ ಹೇಳುತ್ತೇನೆ, ಇವತ್ತು ಯಾರಾದರೂ ಮಾಡಿ, ನಾನು ಆಸ್ಪತ್ರೆಗೆ ಹೊರಟೆ ಅಂತ.